ಜೋಡಿಯಾಟದ ಮರ್ಯಾದೆ

ಪ್ರತಿ ವರ್ಷ ಜನವರಿ ತಿಂಗಳ ಉತ್ತರಾರ್ಧದಲ್ಲಿ ಮೆಲ್ಬರ್ನ್ ನಗರದಲ್ಲಿ ಜರುಗುವ ಆಸ್ಟ್ರೇಲಿಯನ್ ಓಪನ್ ಟೆನಿಸ್ ಪಂದ್ಯಾವಳಿಯ ವಾರ್ತೆಯನ್ನು ಓದುವ ಅಭ್ಯಾಸವುಳ್ಳವರಿಗೆ, ಸಿಂಗಲ್ಸ್ ಆಟಗಾರರ ಒಂದೊಂದು ಹೊಡೆತಕ್ಕೂ ಸಲ್ಲುವ ವಿಸ್ತಾರವಾದ ವರ್ಣನೆಯೂ, ಡಬಲ್ಸ್ ಪಂದ್ಯಗಳಿಗೆ ವಾರ್ತೆಯ ಕಡೆಯಲ್ಲಿ ದೊರೆಯುವ ಎರಡು ಸಾಲಿನ ಅಂಕಿಗಳೂ ಚಿರಪರಿಚಿತವಾಗಿವೆ. 2024ರ ಜನವರಿ 27ರಂದು ಈ ಕ್ರಮವು ನಮ್ಮ ನಾಡಿನ ಮಟ್ಟಿಗಾದರೂ ತಲೆಕೆಳಗಾಯಿತು. ಕೊಡಗಿನ ರೋಹನ್ ಬೋಪಣ್ಣನವರು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ನರೊಡಗೂಡಿ ಅಂದು ರಾಡ್ ಲೇವರ್ ಅರೀನಾದಲ್ಲಿ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಾಸ್ಸೋರಿ ಅವರನ್ನು 7–6, 7–5ರಿಂದ ಸೋಲಿಸಿ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಎರಡು ದಿನಗಳ ತರುವಾಯ ಪ್ರಕಟವಾದ ಡಬಲ್ಸಿನ ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೊತ್ತಮೊದಲ ಬಾರಿಗೆ ಅಗ್ರಸ್ಥಾನವನ್ನೇರಿದರು. ಆಗ ಅವರ ವಯಸ್ಸು 43. ಅಷ್ಟು ಹಿರಿಯ ವಯಸ್ಸಿನಲ್ಲಿ ಪ್ರಥಮತಃ ಆ ಸ್ಥಾನವನ್ನು ಪಡೆದ ಪುರುಷ ಆಟಗಾರರು ಅದುವರೆಗೆ ಇರಲಿಲ್ಲ.

ಅಭಿನಂದನೆಗಳ ಮಹಾಪೂರವೇ ಹರಿಯಿತು, ಅದು ಯೋಗ್ಯವಾದುದೇ. ಆದರೆ ಆ ಅಭಿನಂದನೆಗಳಲ್ಲಿ ಬಹುಪಾಲು ಅವರ ವಯಸ್ಸನ್ನು ಕುರಿತವಾಗಿದ್ದುವೇ ಹೊರತು, ಅವರು ಗೆದ್ದ ಆಟವನ್ನು ಕುರಿತವಾಗಿರಲಿಲ್ಲ. ನಾಲ್ವತ್ತಮೂರರಲ್ಲಿಯೂ ಇದು ಸಾಧ್ಯವಾಯಿತೆಂದರೆ ಆ ಆಟ ಅಷ್ಟೇನೂ ಕಠಿಣವಾಗಿರಲಾರದೆಂಬ ಅನುಮಾನವೊಂದು ಕೆಲವರ ಹೊಗಳಿಕೆಯ ಒಳಗೇ ಅಡಗಿತ್ತು. ಈ ಅನುಮಾನವು ಅಜ್ಞಾನಮೂಲವಾದುದೆಂದೂ, ಡಬಲ್ಸ್ ತನ್ನದೇ ಆದ ನಿಯಮ, ನೀತಿ ಮತ್ತು ಸೌಂದರ್ಯಗಳುಳ್ಳ ಸ್ವತಂತ್ರವಾದ ವಿದ್ಯೆಯೆಂದೂ, ಅದನ್ನು ಸಿಂಗಲ್ಸಿನ ಅಳತೆಗೋಲಿನಿಂದ ಅಳೆಯುತ್ತಿರುವ ತನಕ ಅದರ ಮರ್ಯಾದೆ ನಮಗೆ ಗೋಚರಿಸದೆಂದೂ ನಾನು ದೃಢವಾಗಿ ನಂಬಿದ್ದೇನೆ. ಆ ನಂಬಿಕೆಗೆ ಆಧಾರವಾದುದನ್ನು ಇಲ್ಲಿ ಕ್ರಮವಾಗಿ ನಿವೇದಿಸುವೆನು.

ಮೊದಲು ಅಂಕಣವನ್ನೇ ಪರಿಶೀಲಿಸೋಣ. ಟೆನಿಸ್ ಅಂಕಣದ ಉದ್ದ 78 ಅಡಿ. ಇದು ಎರಡು ಬಗೆಯ ಆಟಕ್ಕೂ ಸಮಾನ. ಅಗಲವಾದರೋ ಸಿಂಗಲ್ಸಿಗೆ 27 ಅಡಿ, ಡಬಲ್ಸಿಗೆ 36 ಅಡಿ. ಎರಡು ಪಾರ್ಶ್ವಗಳಲ್ಲಿಯೂ ನಾಲ್ಕೂವರೆ ಅಡಿಗಳ ಪಟ್ಟಿಯೊಂದು ಸೇರಿಕೊಳ್ಳುತ್ತದೆ. ಅಂದರೆ ಆಟಗಾರರ ಸಂಖ್ಯೆ ಇಮ್ಮಡಿಯಾದಾಗ ಅವರು ಕಾಯಬೇಕಾದ ನೆಲವು ಮೂರರಲ್ಲಿ ಒಂದು ಪಾಲು ಮಾತ್ರ ಹೆಚ್ಚುತ್ತದೆ. ಸಿಂಗಲ್ಸಿನಲ್ಲಿ ಒಬ್ಬನ ಪಾಲಿಗೆ 1,053 ಚದರ ಅಡಿಗಳ ನೆಲವಿದ್ದರೆ, ಡಬಲ್ಸಿನಲ್ಲಿ ಅದು 702 ಚದರ ಅಡಿಗಳಿಗೆ ಇಳಿಯುತ್ತದೆ. ಇದನ್ನು ನೋಡಿ, ಕಾಯುವ ನೆಲ ಕಡಮೆಯಾದುದರಿಂದ ಶ್ರಮವೂ ಕಡಮೆಯೆಂದು ಹೇಳುವವರುಂಟು. ಓಟದ ಶ್ರಮ ಕಡಮೆಯೆಂಬುದು ನಿಜವೇ. ಆದರೆ ತನಗೆ ಕಾಯಲು ನೆಲ ಕಡಮೆಯಾದಷ್ಟೂ ಎದುರಾಳಿಗೂ ಕಾಯಲು ನೆಲ ಕಡಮೆಯಾಗುವುದರಿಂದ, ಚೆಂಡು ಬೀಳಬಹುದಾದ ಬರಿಯ ಜಾಗವೇ ಅಂಕಣದಲ್ಲಿ ಇಲ್ಲದಂತಾಗುತ್ತದೆ. ಸಿಂಗಲ್ಸ್ ಆಟಗಾರನು ತೆರವಾದ ಜಾಗವನ್ನು ಹುಡುಕುತ್ತಾನೆ; ಡಬಲ್ಸ್ ಆಟಗಾರನು ಅದನ್ನು ನಿರ್ಮಿಸಿಕೊಳ್ಳಬೇಕು. ಎದುರಿನ ಇಬ್ಬರಲ್ಲಿ ಒಬ್ಬನನ್ನು ತಾನಿರಬೇಕಾದ ಸ್ಥಾನದಿಂದ ಒಂದೆರಡು ಹೆಜ್ಜೆಗಳಷ್ಟು ಕದಲಿಸಿ, ಆ ಕದಲಿಕೆಯಿಂದ ಅವರಿಬ್ಬರ ನಡುವೆ ಬಿರುಕು ತೋರುವಂತೆ ಮಾಡಿ, ಅದು ಮುಚ್ಚಿಕೊಳ್ಳುವುದಕ್ಕೆ ಮುನ್ನವೇ ಚೆಂಡನ್ನು ಅದರೊಳಗೆ ಹಾಯಿಸಬೇಕು. ಡಬಲ್ಸಿನ ಸಮಸ್ತ ತಂತ್ರಗಳಿಗೂ ಮೂಲ ಇದೊಂದೇ.

ನೆಟ್ಟಿನ ಎತ್ತರವೂ ಇಲ್ಲಿ ವಿಚಾರಾರ್ಹವಾಗಿದೆ. ಎರಡು ಬದಿಯ ಕಂಬಗಳಲ್ಲಿ ಅದು ಮೂರೂವರೆ ಅಡಿ ಎತ್ತರವಿದ್ದು, ನಡುಮಧ್ಯದಲ್ಲಿ ಪಟ್ಟಿಯೊಂದರಿಂದ ಬಿಗಿದು ಮೂರು ಅಡಿಗಳಿಗೆ ಇಳಿಸಲ್ಪಟ್ಟಿರುತ್ತದೆ. ಹೀಗಾಗಿ ಮಧ್ಯಭಾಗದ ಮೂಲಕ ಹೋಗುವ ಚೆಂಡು ಅತ್ಯಂತ ತಗ್ಗಾಗಿ ಸಾಗಬಲ್ಲುದು. ಅಷ್ಟೇ ಅಲ್ಲದೆ, ಮಧ್ಯದಿಂದ ಬಂದ ಚೆಂಡನ್ನು ಓರೆಯಾಗಿ ತಿರುಗಿಸಿ ಕಳುಹಿಸಲು ಎದುರಾಳಿಗೆ ಕೋನವು ದೊರೆಯುವುದಿಲ್ಲ. ಜೊತೆಗೆ, ಅದನ್ನು ಹೊಡೆಯಬೇಕಾದವನು ನೀನೋ ನಾನೋ ಎಂಬ ಸಂದೇಹವು ಇಬ್ಬರಲ್ಲಿಯೂ ಅರೆಕ್ಷಣ ಉದಿಸುತ್ತದೆ. ಸಿಂಗಲ್ಸಿನಲ್ಲಿ ಎದುರಾಳಿಯ ಮುಂದಕ್ಕೇ ಚೆಂಡನ್ನು ಕಳುಹಿಸುವುದು ಅವಿವೇಕ. ಡಬಲ್ಸಿನಲ್ಲಿಯಾದರೆ ಇಬ್ಬರ ನಡುವಣ ಆ ಸಂಧಿಸ್ಥಾನವೇ ಬಹುವೇಳೆ ಅತ್ಯುತ್ತಮವಾದ ಗುರಿ. ಆ ಅರೆಕ್ಷಣದ ಸಂದೇಹವನ್ನು ಅಭ್ಯಾಸಬಲದಿಂದ ನಿರ್ಮೂಲಗೊಳಿಸಿಕೊಂಡ ಜೋಡಿಯೇ ಪಕ್ವವಾದ ಜೋಡಿಯೆನಿಸುತ್ತದೆ.

ಇನ್ನು ನಿಯಮಗಳು. ನಾಲ್ವರೂ ಸರದಿಯ ಪ್ರಕಾರ ಒಂದೊಂದು ಗೇಮಿನಲ್ಲಿ ಸರ್ವ್ ಮಾಡುತ್ತಾರೆ. ಸೆಟ್ಟಿನ ಆದಿಯಲ್ಲಿ ಗೊತ್ತುಮಾಡಿಕೊಂಡ ಸರದಿಯನ್ನು ಆ ಸೆಟ್ ಮುಗಿಯುವ ತನಕ ಬದಲಾಯಿಸುವಂತಿಲ್ಲ. ಎದುರು ಪಕ್ಷದ ಸರ್ವನ್ನು ಬಲಭಾಗದಲ್ಲಿ ಒಬ್ಬನು, ಎಡಭಾಗದಲ್ಲಿ ಮತ್ತೊಬ್ಬನು ಎದುರಿಸಬೇಕು. ಈ ವಿಭಾಗವೂ ಸೆಟ್ಟಿನುದ್ದಕ್ಕೂ ಸ್ಥಿರ. ಸರ್ವನ್ನು ಹಿಂದಿರುಗಿಸಿದ ಮೇಲೆ, ಟೇಬಲ್ ಟೆನಿಸ್ಸಿನ ಹಾಗೆ ಒಬ್ಬರಾದ ಮೇಲೊಬ್ಬರು ಹೊಡೆಯಬೇಕೆಂಬ ನಿರ್ಬಂಧವಿಲ್ಲ; ಜೋಡಿಯಲ್ಲಿ ಯಾರು ಬೇಕಾದರೂ, ಎಷ್ಟು ಸಾರಿ ಬೇಕಾದರೂ ಹೊಡೆಯಬಹುದು. ಆದರೆ ಒಂದೇ ಸಲಕ್ಕೆ ಇಬ್ಬರ ರ‍್ಯಾಕೆಟ್ಟುಗಳೂ ಒಂದರ ತರುವಾಯ ಒಂದು ಚೆಂಡನ್ನು ಮುಟ್ಟಿದರೆ ಅಂಕ ನಷ್ಟವಾಗುತ್ತದೆ. ಸರ್ವ್ ಮಾಡುವವನು ಡಬಲ್ಸಿನ ಹೊರಗೆರೆಯ ತನಕ ಸರಿದು ನಿಲ್ಲಬಹುದಾದುದರಿಂದ, ಸಿಂಗಲ್ಸಿನಲ್ಲಿ ದೊರೆಯದ ಓರೆಗಳು ಅವನಿಗೆ ಲಭಿಸುತ್ತವೆ. ಸರ್ವ್ ಬೀಳಬೇಕಾದ ಚೌಕವು ಮಾತ್ರ ಎರಡು ಆಟಗಳಲ್ಲಿಯೂ ಒಂದೇ.

ಈ ನಿಯಮಗಳ ಎಲ್ಲೆಯೊಳಗೆ ಒಂದು ಅಂಕವು ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ನೋಡಿದರೆ ಡಬಲ್ಸಿನ ಬುದ್ಧಿವಂತಿಕೆ ಅರ್ಥವಾಗುತ್ತದೆ. ಸರ್ವಿಗೆ ಮುನ್ನ ಜೋಡಿಯ ಇಬ್ಬರೂ ಒಂದೆಡೆ ಸೇರಿ, ಎದುರಿನವರಿಗೆ ತುಟಿಗಳ ಚಲನೆ ಕಾಣದಿರಲೆಂದು ಬಾಯಿಗೆ ಚೆಂಡನ್ನು ಅಡ್ಡ ಹಿಡಿದು, ಎರಡು ಮಾತುಗಳನ್ನಾಡಿ ಅಗಲುವುದನ್ನು ಪ್ರೇಕ್ಷಕರು ಕಂಡಿರುತ್ತಾರೆ. ಕೆಲವು ವೇಳೆ ನೆಟ್ಟಿನ ಬಳಿಯಿರುವವನು ಬೆನ್ನ ಹಿಂದೆ ಕೈಯಿಟ್ಟು ಬೆರಳುಗಳಿಂದ ಸನ್ನೆ ಮಾಡುವುದೂ ಉಂಟು. ಸರ್ವ್ ಎಲ್ಲಿಗೆ ಬೀಳಬೇಕು, ಅದು ಬಿದ್ದೊಡನೆ ನೆಟ್ಟಿನ ಆಟಗಾರನು ತನ್ನ ಸ್ಥಾನದಲ್ಲಿಯೇ ಉಳಿಯುವನೋ ಅಡ್ಡ ಹಾಯುವನೋ, ಅವನು ಅಡ್ಡ ಹಾಯ್ದರೆ ಬರಿದಾಗುವ ಕಡೆಯನ್ನು ಸರ್ವ್ ಮಾಡಿದವನು ಹೇಗೆ ತುಂಬಬೇಕು ಎಂಬ ಮೂರು ನಿಶ್ಚಯಗಳು ಆ ಎರಡು ಮಾತುಗಳಲ್ಲಿ ಆಗಿಹೋಗುತ್ತವೆ.

ನೆಟ್ಟಿನ ಬಳಿಯ ಆಟಗಾರನು ತನ್ನ ಪಾಲಿಗೆ ಬಾರದ ಚೆಂಡನ್ನು ಅಡ್ಡ ನುಗ್ಗಿ ವಾಲಿಯಿಂದ, ಅಂದರೆ ನೆಲಕ್ಕೆ ಬೀಳುವ ಮುನ್ನವೇ ಹೊಡೆದು, ಕೊಲ್ಲುವುದಕ್ಕೆ ‘ಪೋಚ್’ ಎಂದು ಹೆಸರು. ಆತನು ಹತ್ತು ಸಾರಿ ನಿಂತಲ್ಲಿಯೇ ನಿಂತು ಹನ್ನೊಂದನೆಯ ಸಾರಿ ಅಡ್ಡ ಹಾಯ್ದರೂ ಸಾಕು, ಹನ್ನೆರಡನೆಯ ಸರ್ವನ್ನು ಎದುರಿಸುವವನ ಚಿತ್ತ ಚಂಚಲವಾಗುತ್ತದೆ. ಚೆಂಡಿನ ಮೇಲಿರಬೇಕಾದ ದೃಷ್ಟಿ ಒಂದು ನಿಮಿಷಾರ್ಧ ಅವನತ್ತ ಹೊರಳುತ್ತದೆ. ಹೊಡೆತ ನೆಟ್ಟಿಗೆ ಬೀಳುತ್ತದೆ. ಲೆಕ್ಕಪತ್ರದಲ್ಲಿ ಅದು ಎದುರಾಳಿಯ ತಪ್ಪೆಂದು ದಾಖಲಾಗುತ್ತದೆ. ವಸ್ತುತಃ ಆ ತಪ್ಪನ್ನು ಮಾಡಿಸಿದವನು ಚೆಂಡನ್ನು ಮುಟ್ಟದೆಯೇ ಅಂಕವನ್ನು ಗಳಿಸಿದಂತಾಯಿತು. ಡಬಲ್ಸಿನಲ್ಲಿ ಅನೇಕ ಅಂಕಗಳು ಹೀಗೆ ಮುಟ್ಟದವನ ಶಕ್ತಿಯಿಂದಲೇ ನಿರ್ಣಯವಾಗುತ್ತವೆ.

ಇದನ್ನು ಇನ್ನೂ ತೀವ್ರಗೊಳಿಸಲು ಎರಡು ವ್ಯೂಹಗಳುಂಟು. ಸಾಮಾನ್ಯವಾಗಿ ಸರ್ವ್ ಮಾಡುವವನು ಒಂದು ಪಾರ್ಶ್ವದಲ್ಲಿಯೂ ಅವನ ಜೊತೆಗಾರನು ನೆಟ್ಟಿನ ಬಳಿ ಇನ್ನೊಂದು ಪಾರ್ಶ್ವದಲ್ಲಿಯೂ ನಿಲ್ಲುವುದು ವಾಡಿಕೆ. ಆಸ್ಟ್ರೇಲಿಯನ್ ವ್ಯೂಹದಲ್ಲಿ ಇಬ್ಬರೂ ಒಂದೇ ಪಾರ್ಶ್ವದಲ್ಲಿ ನಿಲ್ಲುತ್ತಾರೆ. ಇದರಿಂದ ಎದುರಾಳಿಗೆ ಅತ್ಯಂತ ಪ್ರಿಯವಾದ ಓರೆಯ ಹಾದಿ ಮುಚ್ಚಿಹೋಗಿ, ನೇರವಾಗಿ ಗೆರೆಯ ಗುಂಟ ಹೊಡೆಯಬೇಕಾದ ಒತ್ತಾಯಕ್ಕೆ ಅವನು ಸಿಲುಕುತ್ತಾನೆ. ‘ಐ’ ವ್ಯೂಹದಲ್ಲಿ ಜೊತೆಗಾರನು ನೆಟ್ಟಿನ ಬಳಿ ನಡುಗೆರೆಯ ಮೇಲೆಯೇ, ಸರ್ವಿನ ಚೆಂಡು ತಲೆಯ ಮೇಲಿಂದ ಹಾಯುವಂತೆ, ನೆಲಕ್ಕೆ ತಗ್ಗಿ ಕುಳಿತಿರುತ್ತಾನೆ. ಸರ್ವ್ ಬಿದ್ದ ಕ್ಷಣದಲ್ಲಿ ಅವನು ಎಡಕ್ಕೆ ಚಿಮ್ಮುವನೋ ಬಲಕ್ಕೆ ಚಿಮ್ಮುವನೋ ಎಂಬುದನ್ನು ಎದುರಾಳಿ ಊಹಿಸಿಯೇ ತಿಳಿಯಬೇಕು. ಇದಕ್ಕೆ ಪ್ರತಿಯಾಗಿ ಎದುರಾಳಿಗಳು ತಲೆಯ ಮೇಲಿಂದ ಲಾಬ್ ಎತ್ತುವರು. ಚೆಂಡನ್ನು ಸರ್ವ್ ಮಾಡಿ ಮುನ್ನುಗ್ಗಿ ಬರುತ್ತಿರುವವನ ಪಾದಗಳ ಬಳಿಗೆ ಇಳಿಸುವರು. ಸರ್ವ್ ಅತಿ ಪ್ರಬಲವಾಗಿದ್ದಲ್ಲಿ ಇಬ್ಬರೂ ಬೇಸ್‌ಲೈನಿಗೆ ಸರಿದು ರಕ್ಷಣೆಗೆ ನಿಲ್ಲುವರು. ಕೊನೆಗೆ ನಾಲ್ವರೂ ನೆಟ್ಟಿನ ಸಮೀಪಕ್ಕೆ ಬಂದು ಕೆಲವೇ ಅಡಿಗಳ ಅಂತರದಲ್ಲಿ ಚೆಂಡನ್ನು ನೆಲಕ್ಕೆ ಬೀಳಗೊಡದೆ ಹೊಡೆಯತೊಡಗಿದಾಗ, ಆಲೋಚನೆಗೆ ಎಡೆಯೇ ಇರುವುದಿಲ್ಲ. ಅಲ್ಲಿ ಓಡುವ ಕಾಲಿಗಿಂತ ಕಾಣುವ ಕಣ್ಣೂ, ಬಲಿಷ್ಠವಾದ ತೋಳಿಗಿಂತ ಮೃದುವಾದ ಮಣಿಕಟ್ಟೂ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಇಂಥ ಆಟಕ್ಕೆ ಜೊತೆಗಾರನನ್ನು ಆರಿಸಿಕೊಳ್ಳುವುದೇ ಒಂದು ವಿವೇಕ. ನಡಿಗೆ ಹೊಂದದ ಜೋಡೆತ್ತುಗಳು ಎಷ್ಟೇ ಬಲಶಾಲಿಗಳಾದರೂ ನೇಗಿಲಿನ ಸಾಲು ಡೊಂಕಾಗುವುದು ತಪ್ಪದಂತೆ, ಇಬ್ಬರು ಶ್ರೇಷ್ಠ ಆಟಗಾರರು ಕೂಡಿದ ಮಾತ್ರಕ್ಕೆ ಶ್ರೇಷ್ಠವಾದ ಜೋಡಿಯಾಗುವುದಿಲ್ಲ. ಒಬ್ಬನ ಸರ್ವ್ ಪ್ರಚಂಡವಾಗಿದ್ದರೆ ಇನ್ನೊಬ್ಬನ ರಿಟರ್ನ್ ಸ್ಥಿರವಾಗಿರಬೇಕು; ಒಬ್ಬನು ಉದ್ವಿಗ್ನನಾದರೆ ಇನ್ನೊಬ್ಬನು ಶಾಂತನಾಗಿರಬೇಕು; ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬನ ತಪ್ಪಿನಿಂದ ಅಂಕ ಹೋದಾಗ ಇನ್ನೊಬ್ಬನ ಮುಖ ಬಾಡಬಾರದು. ಒಂದೊಂದು ಅಂಕದ ತರುವಾಯವೂ, ಗೆದ್ದರೂ ಸೋತರೂ, ಇಬ್ಬರೂ ಅಂಗೈಗಳನ್ನು ತಾಗಿಸುವ ಪದ್ಧತಿಯು ಕೇವಲ ಶಿಷ್ಟಾಚಾರವೆಂದು ತೋರಬಹುದು. ನಷ್ಟವನ್ನು ಲೆಕ್ಕ ಹಾಕದೆ ಸಮವಾಗಿ ಹಂಚಿಕೊಂಡೆವೆಂಬ ಒಪ್ಪಂದಕ್ಕೆ ಅಲ್ಲಿ ಪ್ರತಿ ಸಾರಿಯೂ ಮುದ್ರೆ ಬೀಳುತ್ತದೆ.

ವೃತ್ತಿಪರ ಪಂದ್ಯಾವಳಿಯಲ್ಲಿ ಡಬಲ್ಸಿನ ವ್ಯವಸ್ಥೆ ಹೇಗಿರುತ್ತದೆಂಬುದನ್ನೂ ತಿಳಿದಿರಬೇಕು. ಆಸ್ಟ್ರೇಲಿಯನ್ ಓಪನ್ ಮೊದಲಾದ ನಾಲ್ಕು ಗ್ರ್ಯಾಂಡ್‌ಸ್ಲಾಮ್ ಪಂದ್ಯಾವಳಿಗಳಲ್ಲಿ ಪುರುಷರ ಮತ್ತು ಮಹಿಳೆಯರ ವಿಭಾಗಗಳಿಗೆ 64 ಜೋಡಿಗಳು ಪ್ರವೇಶ ಪಡೆಯುತ್ತವೆ. ಪ್ರಶಸ್ತಿಗೆ ಆರು ಜಯಗಳು ಬೇಕು. ಪ್ರವೇಶವನ್ನೂ ಶ್ರೇಯಾಂಕವನ್ನೂ ನಿರ್ಧರಿಸುವಾಗ ಇಬ್ಬರ ರ‍್ಯಾಂಕಿಂಗ್‌ಗಳನ್ನು ಕೂಡಿಸಿ ನೋಡುವರು. ಮೊತ್ತ ಕಿರಿದಾದಷ್ಟೂ ಸ್ಥಾನ ಹಿರಿದು. ಪ್ರವೇಶಕ್ಕೆ ಸಿಂಗಲ್ಸ್ ರ‍್ಯಾಂಕಿಂಗ್ ಅನ್ನು ಬಳಸಿಕೊಳ್ಳಲು ಅವಕಾಶವಿರುವುದರಿಂದ, ಸಿಂಗಲ್ಸಿನ ಗಣ್ಯರು ಮನಸ್ಸು ಬಂದಾಗ ಡಬಲ್ಸಿಗೆ ಇಳಿಯಬಹುದು. ಆದರೆ ಅದರಿಂದ ಡಬಲ್ಸನ್ನೇ ಜೀವನೋಪಾಯವಾಗಿ ಹಿಡಿದವನ ಸ್ಥಾನವೊಂದು ತಪ್ಪುವುದೂ ಉಂಟು. ಆಡುವುದು ಇಬ್ಬರಾದರೂ ವಿಶ್ವ ರ‍್ಯಾಂಕಿಂಗ್ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿಯೇ ಲೆಕ್ಕವಾಗುತ್ತದೆ.

ಅಂಕಗಣನೆಯಲ್ಲಿಯೂ ಭೇದವಿದೆ. ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಪುರುಷರ ಮತ್ತು ಮಹಿಳೆಯರ ಡಬಲ್ಸ್ ಪೂರ್ಣವಾದ ಮೂರು ಸೆಟ್ಟುಗಳ ಆಟ. ಮೂರನೆಯ ಸೆಟ್ 6–6 ಆದರೆ ಹತ್ತು ಅಂಕಗಳ ಟೈಬ್ರೇಕ್. ಪುರುಷರ ಎಟಿಪಿ ಪಂದ್ಯಾವಳಿಗಳಲ್ಲಿಯಾದರೋ 2006ರಿಂದ ಈಚೆಗೆ ಎರಡು ಸಂಕ್ಷೇಪಗಳು ಜಾರಿಗೆ ಬಂದಿವೆ. ಗೇಮು 40–40ರ ಸಮಸ್ಥಿತಿಯಾದ ಡ್ಯೂಸ್ ಮುಟ್ಟಿದೊಡನೆ ಮುಂದಿನ ಒಂದೇ ಅಂಕ ನಿರ್ಣಾಯಕ; ಅದನ್ನು ಯಾವ ಭಾಗದಲ್ಲಿ ಎದುರಿಸಬೇಕೆಂಬುದನ್ನು ರಿಟರ್ನ್ ಮಾಡುವ ಜೋಡಿಯೇ ಆರಿಸಿಕೊಳ್ಳುತ್ತದೆ. ಸೆಟ್ಟುಗಳು ಸಮವಾದರೆ ಮೂರನೆಯ ಸೆಟ್ಟಿನ ಬದಲು ಹತ್ತು ಅಂಕಗಳ ಒಂದು ಟೈಬ್ರೇಕಿನಿಂದಲೇ ಪಂದ್ಯ ಮುಗಿಯುತ್ತದೆ. ಪಂದ್ಯದ ಅವಧಿಯನ್ನು ಸೀಮಿತಗೊಳಿಸುವುದೂ, ಸಿಂಗಲ್ಸ್ ಆಟಗಾರರನ್ನು ಡಬಲ್ಸಿಗೆ ಆಕರ್ಷಿಸುವುದೂ ಇದರ ಉದ್ದೇಶ. ಇದಕ್ಕೆ ಹಿಂದೆ, 2005ರಲ್ಲಿ, ಇನ್ನೂ ಕಠೋರವಾದ ಬದಲಾವಣೆಗಳು ಸೂಚಿತವಾದಾಗ ಡಬಲ್ಸ್ ಆಟಗಾರರು ನ್ಯಾಯಾಲಯದ ಮೊರೆಹೊಕ್ಕಿದ್ದರು. ಇಂದಿನ ಪದ್ಧತಿಯು ಆ ವಿವಾದದ ಹಿನ್ನೆಲೆಯಲ್ಲಿ ರೂಪುಗೊಂಡುದು.

ಡಬಲ್ಸ್ ಇತ್ತೀಚೆಗೆ ಸೇರಿಕೊಂಡ ಬಾಲಂಗೋಚಿಯೆಂದು ಭಾವಿಸುವವರು ಚರಿತ್ರೆಯನ್ನು ಅವಲೋಕಿಸಬೇಕು. ವಿಂಬಲ್ಡನ್ನಿನಲ್ಲಿ ಪುರುಷರ ಡಬಲ್ಸ್ 1884ರಲ್ಲಿಯೇ, ಮಹಿಳೆಯರ ಸಿಂಗಲ್ಸ್ ಆರಂಭವಾದ ವರ್ಷವೇ, ಆರಂಭವಾಯಿತು. ಅದರ ಮೊದಲ ವಿಜೇತರು ವಿಲಿಯಂ ಮತ್ತು ಅರ್ನೆಸ್ಟ್ ರೆನ್‌ಷಾ ಎಂಬ ಸೋದರರು. 1951ರಲ್ಲಿ ಆಸ್ಟ್ರೇಲಿಯದ ಫ್ರ್ಯಾಂಕ್ ಸೆಜ್‌ಮನ್ ಮತ್ತು ಕೆನ್ ಮೆಕ್‌ಗ್ರೆಗರ್ ಒಂದೇ ವರ್ಷದಲ್ಲಿ ನಾಲ್ಕು ಗ್ರ್ಯಾಂಡ್‌ಸ್ಲಾಮ್‌ಗಳನ್ನೂ ಗೆದ್ದರು. ಪುರುಷರ ಜೋಡಿಗಳಲ್ಲಿ ಆ ಸಾಧನೆ ಇನ್ನಾರಿಗೂ ಲಭಿಸಿಲ್ಲ. ಮಹಿಳೆಯರಲ್ಲಿ ಮಾರ್ಟಿನಾ ನವ್ರಾಟಿಲೋವಾ ಮತ್ತು ಪ್ಯಾಮ್ ಶ್ರೈವರ್ 1984ರಲ್ಲಿ ಅದನ್ನೇ ಸಾಧಿಸಿ, 1983ರಿಂದ 1985ರ ತನಕ ಸತತವಾಗಿ 109 ಪಂದ್ಯಗಳನ್ನು ಗೆದ್ದರು. ಜಾನ್ ಮೆಕೆನ್ರೋ 1981, 1983 ಮತ್ತು 1984ರಲ್ಲಿ ವಿಂಬಲ್ಡನ್ನಿನ ಸಿಂಗಲ್ಸನ್ನೂ, ಪೀಟರ್ ಫ್ಲೆಮಿಂಗ್ ಜೊತೆಯಲ್ಲಿ ಡಬಲ್ಸನ್ನೂ ಏಕಕಾಲದಲ್ಲಿ ಗೆದ್ದವರು. ಅಗ್ರಗಣ್ಯನಾದ ಸಿಂಗಲ್ಸ್ ಆಟಗಾರನು ಡಬಲ್ಸನ್ನು ತನಗೆ ಕೀಳೆಂದು ಎಣಿಸದಿದ್ದ ಕಾಲವದು. ಆಸ್ಟ್ರೇಲಿಯದ ಟಾಡ್ ವುಡ್‌ಬ್ರಿಜ್ ಮತ್ತು ಮಾರ್ಕ್ ವುಡ್‌ಫೋರ್ಡ್ 11 ಗ್ರ್ಯಾಂಡ್‌ಸ್ಲಾಮ್‌ಗಳನ್ನೂ, ಅಮೆರಿಕದ ಅವಳಿ ಸೋದರರಾದ ಬಾಬ್ ಮತ್ತು ಮೈಕ್ ಬ್ರಯಾನ್ 16 ಗ್ರ್ಯಾಂಡ್‌ಸ್ಲಾಮ್‌ಗಳನ್ನೂ ಪುರುಷರ ಡಬಲ್ಸಿನಲ್ಲಿ ಜೊತೆಯಾಗಿ ಗೆದ್ದರು.

ಭಾರತದ ಟೆನಿಸ್ ಕೀರ್ತಿಯಲ್ಲಿ ದೊಡ್ಡ ಪಾಲು ಡಬಲ್ಸಿನದೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. 1966ರ ಡಿಸೆಂಬರಿನಲ್ಲಿ ಇದೇ ಮೆಲ್ಬರ್ನ್ ನಗರದಲ್ಲಿ ಭಾರತವು ಆಸ್ಟ್ರೇಲಿಯದೊಡನೆ ಡೇವಿಸ್ ಕಪ್ಪಿನ ಅಂತಿಮ ಹೋರಾಟದಲ್ಲಿ 1–4ರಿಂದ ಸೋತಾಗ, ನಮಗೆ ದೊರೆತ ಆ ಏಕೈಕ ಜಯವು ಡಬಲ್ಸಿನದಾಗಿತ್ತು. ರಾಮನಾಥನ್ ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿಯವರು ಸೋಲಿಸಿದ್ದು ಜಾನ್ ನ್ಯೂಕೂಂಬ್ ಮತ್ತು ಟೋನಿ ರೋಚ್ ಎಂಬ ಅಸಾಮಾನ್ಯರನ್ನು. 1997ರಲ್ಲಿ ಮಹೇಶ್ ಭೂಪತಿಯವರು ಜಪಾನಿನ ರಿಕಾ ಹಿರಾಕಿಯವರೊಡನೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸನ್ನು ಗೆದ್ದಾಗ ಭಾರತೀಯರೊಬ್ಬರಿಗೆ ಪ್ರಪ್ರಥಮ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಲಭಿಸಿತು. 1999ರಲ್ಲಿ ಭೂಪತಿ ಮತ್ತು ಲಿಯಾಂಡರ್ ಪೇಸ್ ನಾಲ್ಕು ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿಯೂ ಫೈನಲ್ ತಲುಪಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಪ್ರಶಸ್ತಿಗಳನ್ನು ತಂದರು. 2015ರಲ್ಲಿ ಸಾನಿಯಾ ಮಿರ್ಜಾ ಅವರು ಮಾರ್ಟಿನಾ ಹಿಂಗಿಸ್ ಜೊತೆಯಲ್ಲಿ ವಿಂಬಲ್ಡನ್ ಮತ್ತು ಅಮೆರಿಕನ್ ಓಪನ್ ಗೆದ್ದರು; ಅದೇ ವರ್ಷ, ಆ ಜಯಗಳಿಗೆ ಮುನ್ನವೇ, ಡಬಲ್ಸಿನಲ್ಲಿ ವಿಶ್ವದ ಮೊದಲ ಸ್ಥಾನವನ್ನು ಪಡೆದ ಪ್ರಥಮ ಭಾರತೀಯ ಮಹಿಳೆಯಾದರು. ಪೇಸ್, ಭೂಪತಿ, ಸಾನಿಯಾ ಇವರ ಅನಂತರ ಆ ಸ್ಥಾನಕ್ಕೆ ಬಂದ ನಾಲ್ಕನೆಯವರು ಬೋಪಣ್ಣನವರು.

ಬೋಪಣ್ಣನವರ ಜೀವನಕ್ರಮವು ಡಬಲ್ಸಿನ ಧರ್ಮಕ್ಕೆ ನಿದರ್ಶನಪ್ರಾಯವಾಗಿದೆ. ಕೊಡಗಿನ ಕಾಫಿ ತೋಟಗಳ ನಡುವೆ ಓಡಿ ದಮ್ಮನ್ನೂ, ಮರದ ತುಂಡುಗಳನ್ನು ಕಡಿದು ಸರ್ವಿಗೆ ಬೇಕಾದ ತೋಳಿನ ಬಲವನ್ನೂ ಬೆಳೆಸಿಕೊಂಡ ಹುಡುಗನಿಗೆ, ಸಿಂಗಲ್ಸಿನಲ್ಲಿ ದೊರೆಯದ ಔನ್ನತ್ಯವು ಡಬಲ್ಸಿನಲ್ಲಿಯೂ ಸುಲಭವಾಗಿ ದೊರೆಯಲಿಲ್ಲ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ಅಮೆರಿಕನ್ ಓಪನ್ ಫೈನಲ್ ತಲುಪಿ, ಬ್ರಯಾನ್ ಸೋದರರೆದುರು ಎರಡು ಟೈಬ್ರೇಕ್‌ಗಳಲ್ಲಿ ಸೋತರು. 2017ರಲ್ಲಿ ಕೆನಡದ ಗೇಬ್ರಿಯೆಲಾ ಡಬ್ರೌಸ್ಕಿಯವರ ಸಂಗಡ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ ಬಂದಿತು. ಪುರುಷರ ಡಬಲ್ಸಿನ ಪ್ರಶಸ್ತಿ ಮಾತ್ರ ದೂರವೇ ಉಳಿಯಿತು. ಮೊಣಕಾಲುಗಳ ಮೃದ್ವಸ್ಥಿ ಸವೆದುಹೋದಾಗ ಅಯ್ಯಂಗಾರ್ ಯೋಗದ ಅಭ್ಯಾಸದಿಂದ ಕಾಲುಗಳನ್ನು ಕಾಪಾಡಿಕೊಂಡರು. ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದಿದ್ದ ಕಾಲದಲ್ಲಿ ಆಟವನ್ನೇ ಬಿಡುವ ವಿಚಾರವನ್ನು ಪತ್ನಿಗೆ ತಿಳಿಸಿದ್ದುದನ್ನು ಮೆಲ್ಬರ್ನ್ ವಿಜಯದ ದಿನ ಅವರೇ ಸ್ಮರಿಸಿದರು.

2023ರಲ್ಲಿ ಎಬ್ಡನ್ನರೊಡನೆ ಕೂಡಿಕೊಂಡ ತರುವಾಯ ಅವರ ಆಟ ನೆಲೆಗೊಂಡಿತು. ಆ ವರ್ಷ ಇಂಡಿಯನ್ ವೆಲ್ಸ್‌ನಲ್ಲಿ ಗೆದ್ದರು. ಅಮೆರಿಕನ್ ಓಪನ್ ಫೈನಲ್‌ನಲ್ಲಿ ರಾಜೀವ್ ರಾಮ್ ಮತ್ತು ಜೋ ಸಾಲಿಸ್‌ಬರಿ ಅವರೆದುರು ಮೊದಲ ಸೆಟ್ಟನ್ನು ಗೆದ್ದೂ ಸೋತರು. ಮರುವರ್ಷ ಮೆಲ್ಬರ್ನ್‌ನಲ್ಲಿ ಎರಡನೇ ಶ್ರೇಯಾಂಕ ಪಡೆದಿದ್ದ ಈ ಜೋಡಿಯು ಸೆಮಿಫೈನಲ್‌ನಲ್ಲಿ ಥಾಮಸ್ ಮಹಾಚ್ ಮತ್ತು ಝಾಂಗ್ ಝಿಝೆನ್ ಅವರೆದುರು ಮೂರನೆಯ ಸೆಟ್ಟಿನ ಟೈಬ್ರೇಕಿನ ತನಕ ಹೋಗಿ 10–7ರಿಂದ ಪಾರಾಯಿತು. ಫೈನಲ್‌ನ ಮೊದಲ ಸೆಟ್ಟಿನಲ್ಲಿ ಹನ್ನೆರಡು ಗೇಮುಗಳ ಕಾಲ ಎರಡು ಜೋಡಿಗಳೂ ಸಮಬಲದಿಂದ ಸೆಣಸಿದ ಮೇಲೆ, ಟೈಬ್ರೇಕಿನಲ್ಲಿ ಬೋಪಣ್ಣ ಮತ್ತು ಎಬ್ಡನ್ ಒಂದೂ ಅಂಕವನ್ನು ಬಿಟ್ಟುಕೊಡದೆ 7–0ರಿಂದ ಗೆದ್ದರು. ಸಮಬಲರ ನಡುವೆ ಇಂಥ ಅಂಕಿ ಹುಟ್ಟುವುದು ಒಬ್ಬನ ಉತ್ಕರ್ಷದಿಂದಲ್ಲ. ಏಳೂ ಅಂಕಗಳಲ್ಲಿ ಇಬ್ಬರ ನಿಶ್ಚಯವೂ ಒಂದಾಗಿದ್ದುದರಿಂದ. ಎರಡನೆಯ ಸೆಟ್ಟಿನಲ್ಲಿ 5–5 ಆದಾಗ ಮುಂದಿನ ಎರಡು ಗೇಮುಗಳನ್ನೂ ಗೆದ್ದು ಪಂದ್ಯವನ್ನು ಮುಗಿಸಿದರು. ಅದೇ ವರ್ಷದ ವಸಂತದಲ್ಲಿ, 44 ತುಂಬಿದ ಮೇಲೆ, ಬೋಪಣ್ಣನವರು ಮಯಾಮಿಯಲ್ಲಿಯೂ ಎಬ್ಡನ್ನರೊಡನೆ ಗೆದ್ದರು. 2025ರ ನವೆಂಬರಿನಲ್ಲಿ ವೃತ್ತಿಯಿಂದ ನಿವೃತ್ತರಾದರು.

ಅವರ ವಯಸ್ಸಿನ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಸಿಂಗಲ್ಸಿನಲ್ಲಿ ಬೇಸ್‌ಲೈನಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದೀರ್ಘಕಾಲ ಓಡುವ ದೇಹಶಕ್ತಿಯನ್ನು ಆಟವು ಅಪೇಕ್ಷಿಸುವುದರಿಂದ, ಮೂವತ್ತೈದರ ಅನಂತರ ಬಹುಮಂದಿಯ ಕಾಲುಗಳು ಸೋಲುತ್ತವೆ. ಡಬಲ್ಸ್ ಅಪೇಕ್ಷಿಸುವ ಸರ್ವಿನ ನಿಖರತೆ, ವಾಲಿಯ ಹದ, ಎದುರಾಳಿಯ ಭುಜದ ತಿರುವಿನಿಂದಲೇ ಹೊಡೆತದ ದಿಕ್ಕನ್ನು ಗ್ರಹಿಸುವ ದೃಷ್ಟಿ, ಜೊತೆಗಾರನ ಮನಸ್ಸನ್ನು ಅರಿಯುವ ತಾಳ್ಮೆ ಇವುಗಳನ್ನು ವರ್ಷಗಳು ಸವೆಸುವುದಕ್ಕಿಂತ ಹೆಚ್ಚಾಗಿ ಸಾಣೆ ಹಿಡಿಯುತ್ತವೆ. ನಾಲ್ವತ್ತಮೂರು ವರ್ಷದ ಆಟಗಾರನು ಗೆದ್ದನೆಂಬುದರಿಂದ ಆಟ ಸುಲಭವೆಂದು ಸಿದ್ಧಪಡುವುದಿಲ್ಲ. ಅನುಭವಕ್ಕೆ ಬೆಲೆಯುಳ್ಳ ಆಟವೆಂದು ಸಿದ್ಧಪಡುತ್ತದೆ.

ಹೀಗಿದ್ದೂ ಅದಕ್ಕೆ ಸಲ್ಲುವ ಮನ್ನಣೆ ಎಷ್ಟು? 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಪುರುಷರ ಸಿಂಗಲ್ಸ್ ವಿಜೇತರಿಗೆ 31,50,000 ಆಸ್ಟ್ರೇಲಿಯನ್ ಡಾಲರ್ ದೊರೆತರೆ, ಡಬಲ್ಸ್ ವಿಜೇತರಾದ ಇಬ್ಬರಿಗೂ ಸೇರಿ ದೊರೆತುದು 7,30,000 ಡಾಲರ್. ಪ್ರೇಕ್ಷಕರು ಸಿಂಗಲ್ಸ್ ನೋಡಲೆಂದೇ ಟಿಕೆಟ್ ಕೊಳ್ಳುವರು, ಪ್ರಸಾರಕರು ಅದಕ್ಕಾಗಿಯೇ ಹಣ ತೆರುವರು, ಆದುದರಿಂದ ಈ ಅಂತರವು ನ್ಯಾಯವೆಂಬ ವಾದವನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೆ ಡಬಲ್ಸ್ ಪಂದ್ಯಗಳನ್ನು ಮೂಲೆಯ ಅಂಕಣಗಳಲ್ಲಿ, ದೂರದರ್ಶನದ ಕ್ಯಾಮೆರಾ ಸುಳಿಯದ ವೇಳೆಯಲ್ಲಿ ಆಡಿಸಿ, ತರುವಾಯ ಅವುಗಳನ್ನು ನೋಡುವವರಿಲ್ಲವೆಂದು ಹೇಳುವುದು ಯಾವ ನ್ಯಾಯ? ಕಾರಣವನ್ನು ಸೃಷ್ಟಿಸಿದವರೇ ಪರಿಣಾಮವನ್ನು ಪ್ರಮಾಣವಾಗಿ ಒಡ್ಡಿದಂತಾಯಿತು.

ಸಂಕ್ಷೇಪದ ಒಲವು ಈಚೆಗೆ ಇನ್ನೂ ಬಲವಾಗಿದೆ. ವಿಂಬಲ್ಡನ್ನಿನಲ್ಲಿ ಐದು ಸೆಟ್ಟುಗಳಷ್ಟಿದ್ದ ಪುರುಷರ ಡಬಲ್ಸ್ 2023ರಿಂದ ಮೂರು ಸೆಟ್ಟುಗಳಿಗೆ ಇಳಿಯಿತು. ಎರಡು ವಾರಗಳ ಪಂದ್ಯಾವಳಿಯಲ್ಲಿ ದೇಹಗಳನ್ನು ಉಳಿಸಿಕೊಳ್ಳಬೇಕಾದ ಆಟಗಾರರ ದೃಷ್ಟಿಯಿಂದ ಇದನ್ನು ಒಪ್ಪಬಹುದು. 2025ರ ಅಮೆರಿಕನ್ ಓಪನ್ ಮಿಶ್ರ ಡಬಲ್ಸಿನಲ್ಲಿ ನಡೆದುದು ಬೇರೆಯೇ ಮಾತು. ಸಿಂಗಲ್ಸ್ ಆರಂಭವಾಗುವ ಮುನ್ನವೇ ಎರಡು ದಿನಗಳಲ್ಲಿ, ಕೇವಲ 16 ಜೋಡಿಗಳಿಂದ, ಫೈನಲ್ ಹೊರತಾಗಿ ನಾಲ್ಕು ಗೇಮುಗಳ ಸೆಟ್ಟುಗಳಲ್ಲಿ ಅದನ್ನು ಆಡಿಸಲಾಯಿತು. ವಿಜೇತ ಜೋಡಿಗೆ ಹತ್ತು ಲಕ್ಷ ಡಾಲರ್ ಬಹುಮಾನವಿತ್ತು. ಸಿಂಗಲ್ಸಿನ ತಾರೆಯರನ್ನು ಮುಂದೆ ನಿಲ್ಲಿಸಲಾಯಿತು. ಡಬಲ್ಸನ್ನೇ ನೆಚ್ಚಿದವರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಪ್ರೇಕ್ಷಕರು ಕಿಕ್ಕಿರಿದು ಸೇರಿದರೆಂಬುದು ಸತ್ಯ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅಂತಿಮವಾಗಿ ಗೆದ್ದವರಾರು? ಹಿಂದಿನ ವರ್ಷದ ಹಳೆಯ ಕ್ರಮದಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದಿದ್ದ ಸಾರಾ ಎರ‍್ರಾನಿ ಮತ್ತು ಆಂಡ್ರಿಯಾ ವವಾಸ್ಸೋರಿ. ಮೆಲ್ಬರ್ನ್‌ನಲ್ಲಿ ಬೋಪಣ್ಣನವರೆದುರು ಸೋತಿದ್ದ ಆ ವವಾಸ್ಸೋರಿಯವರೇ ಇಲ್ಲಿ ಎರ‍್ರಾನಿಯವರೊಡನೆ, ಸಿಂಗಲ್ಸಿನ ತಾರೆಯರಾದ ಈಗಾ ಶ್ವಿಯಾಟೆಕ್ ಮತ್ತು ಕ್ಯಾಸ್ಪರ್ ರೂಡ್ ಅವರನ್ನು ಫೈನಲ್‌ನಲ್ಲಿ ಮಣಿಸಿದರು. ಒಂದು ಪಂದ್ಯದಿಂದ ಸಿದ್ಧಾಂತವನ್ನು ಸ್ಥಾಪಿಸಲಾಗದು. ಆದರೂ ಜೋಡಿಯಾಟವು ಕಲಿತು ಸಾಧಿಸಬೇಕಾದ ವಿದ್ಯೆಯೆಂಬುದಕ್ಕೆ, ತುಂಬಿದ ಕ್ರೀಡಾಂಗಣದ ಎದುರಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ದೊರೆಯುವುದು ದುರ್ಲಭ. ಒಳ್ಳೆಯ ಅಂಕಣವೂ ಒಳ್ಳೆಯ ವೇಳೆಯೂ ದೊರೆತರೆ ಡಬಲ್ಸಿಗೆ ಪ್ರೇಕ್ಷಕರ ಕೊರತೆಯಿಲ್ಲವೆಂಬುದನ್ನೂ ಆ ಎರಡು ದಿನಗಳು ತೋರಿಸಿದುವು. ಆಡಳಿತದವರು ಇದರಿಂದ ಕಲಿಯಬೇಕಾದ ಪಾಠ, ಡಬಲ್ಸ್ ಆಟಗಾರರನ್ನು ಹೊರಗಿಟ್ಟು ತಾರೆಯರನ್ನು ತರುವುದಲ್ಲ. ಡಬಲ್ಸ್ ಆಟಗಾರರಿಗೂ ಅಂಥ ಅಂಕಣವನ್ನೂ ವೇಳೆಯನ್ನೂ ಒದಗಿಸುವುದು.

ನಮ್ಮ ನಾಡಿಗೆ ಸಂಬಂಧಿಸಿದಂತೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಕ್ಕಳಿಗೆ ಟೆನಿಸ್ ಕಲಿಸುವಲ್ಲಿ ಡಬಲ್ಸನ್ನು ಸಿಂಗಲ್ಸಿನಲ್ಲಿ ಸೋತವರ ಆಶ್ರಯವೆಂದು ಕಾಣುವ ದೃಷ್ಟಿ ತೊಲಗಬೇಕು. ಈ ದೇಶಕ್ಕೆ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳನ್ನು ತಂದುಕೊಟ್ಟ ಹಿರಿಯರೆಲ್ಲರೂ ಡಬಲ್ಸಿನ ಮೂಲಕವೇ ತಂದಿರುವಾಗ, ನೆಟ್ಟಿನ ಆಟವನ್ನೂ ವ್ಯೂಹಗಳನ್ನೂ ಜೊತೆಗಾರನೊಡನೆ ಬಾಳುವ ಶಿಸ್ತನ್ನೂ ಎಳೆಯ ವಯಸ್ಸಿನಿಂದಲೇ ಕಲಿಸದಿರುವುದು ನಮ್ಮ ಸಂಪತ್ತನ್ನು ನಾವೇ ಅಲಕ್ಷಿಸಿದಂತೆ. ರಾಜ್ಯದ ಕಿರಿಯರ ಪಂದ್ಯಾವಳಿಗಳಲ್ಲಿ ಡಬಲ್ಸಿಗೆ ಸಮಾನವಾದ ಗೌರವ ದೊರೆಯಲಿ. ಪತ್ರಿಕೆಗಳಲ್ಲಿ ಅದರ ವಾರ್ತೆಯು ಎರಡು ಸಾಲುಗಳಿಂದ ಎರಡು ಪ್ಯಾರಾಗಳಿಗಾದರೂ ಬೆಳೆಯಲಿ. ಓದುಗರಲ್ಲಿಯೂ ನನ್ನದೊಂದು ಬಿನ್ನಹವುಂಟು: ಬರಲಿರುವ ಯಾವುದಾದರೂ ಗ್ರ್ಯಾಂಡ್‌ಸ್ಲಾಮ್‌ನಲ್ಲಿ ಒಂದು ಡಬಲ್ಸ್ ಪಂದ್ಯವನ್ನು ಆದಿಯಿಂದ ಅಂತ್ಯದವರೆಗೆ ನೋಡಿರಿ, ನೋಡುವಾಗ ಚೆಂಡನ್ನು ಹೊಡೆಯುವವನ ಮೇಲಿನ ದೃಷ್ಟಿಯನ್ನು ಆಗಾಗ ಹಿಂತೆಗೆದು, ಹೊಡೆಯದೆ ನಿಂತಿರುವವನು ಏನು ಮಾಡುತ್ತಿದ್ದಾನೆಂಬುದನ್ನು ಗಮನಿಸಿರಿ. ಡಬಲ್ಸ್ ತಿಳಿಯಲು ಅಷ್ಟು ಸಾಕು.